ಬಿ.ಸಿ.ರೋಡಿಗೊಂದು ಬಣ್ಣ, ಚಾರ್ಮಾಡಿಗೊಂದು ಬಣ್ಣ?

ಏಪ್ರಿಲ್ ತಿಂಗಳ ಮಧ್ಯಾಹ್ನ ಬಿ.ಸಿ.ರೋಡ್ ದಾಟಿ ಬೆಳ್ತಂಗಡಿ ಕಡೆಗೆ ಹೊರಟ ಬೈಕ್ ಸವಾರನ ಕಣ್ಣು ಒಂದೂವರೆ ಗಂಟೆಯೊಳಗೆ ಎದುರಿಸುವ ಬೆಳಕು ಒಂದೇ ಬಗೆಯದಲ್ಲ. ಬಂಟ್ವಾಳದ ಬಯಲಲ್ಲಿ ಕಾಂಕ್ರೀಟು ಬೆಳ್ಳಗೆ ಕಣ್ಣು ಕುಕ್ಕುತ್ತದೆ. ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ಎನ್ನುತ್ತ ಮುಂದೆ ಹೋದಂತೆ ರಸ್ತೆಗೆ ಮರದ ನೆರಳು ಅಡ್ಡಡ್ಡ ಬೀಳುತ್ತದೆ. ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿದರೆ ಕಾಡಿನ ಮಬ್ಬು, ಮಳೆಗಾಲವಾದರೆ ಮಂಜು. ಇಷ್ಟಕ್ಕೂ ಆ ಸವಾರನ ಮೂಗಿನ ಮೇಲಿರುವುದು ಒಂದೇ ಕೂಲಿಂಗ್ ಗ್ಲಾಸ್, ಅದೂ ಹೆಚ್ಚಿನ ಪಾಲು ಕಡುಗಪ್ಪು. ಅಂಗಡಿಯಲ್ಲಿ ಕೇಳಿದರೆ ಕಪ್ಪಾದಷ್ಟೂ ಒಳ್ಳೆಯದು ಎಂಬ ಉತ್ತರ ಸಿಗುತ್ತದೆ. ರಾತ್ರಿ ಓಡಾಟಕ್ಕೆ ಹಳದಿಯದೂ ಒಂದಿರಲಿ ಎಂಬ ಸಲಹೆ ಅದರ ಜತೆಗೇ ಬರುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಂಥ ಕಡೆ ಈ ಎರಡೂ ಸಲಹೆ ತಪ್ಪು ಎಂಬುದು ನನ್ನ ವಾದ. ಇಲ್ಲಿನ ಬೆಳಕಿಗೆ ಹೆಚ್ಚು ಹೊತ್ತು ಒದಗುವುದು ಮಧ್ಯಮ ಗಾಢತೆಯ ಕಂದು ಗಾಜು. ಕಡುಗಪ್ಪಿಗೆ ಬೇಸಿಗೆಯ ಬಯಲಿನ ಕೆಲವೇ ಗಂಟೆ ಸಲ್ಲುತ್ತದೆ. ಹಳದಿಗೆ ಆ ಕೆಲವು ಗಂಟೆಯೂ ಇಲ್ಲ.

ಬಣ್ಣದ ಮಾತಿಗೆ ಮೊದಲು ಒಂದು ಗೊಂದಲ ಬಿಡಿಸಬೇಕು. ಕಣ್ಣಿಗೆ ಹಾನಿ ಮಾಡುವ ಅತಿನೇರಳೆ ಕಿರಣವನ್ನು ತಡೆಯುವುದಕ್ಕೂ ಗಾಜಿನ ಬಣ್ಣಕ್ಕೂ ಸಂಬಂಧವಿಲ್ಲ. ಆ ಕಿರಣ ನಮಗೆ ಕಾಣುವುದೇ ಇಲ್ಲ. ಅದನ್ನು ತಡೆಯುವ ಗುಣ ಗಾಜಿನ ವಸ್ತುವಿನಲ್ಲೋ ಅದಕ್ಕೆ ಸೇರಿಸಿದ ರಾಸಾಯನಿಕದಲ್ಲೋ ಇರುತ್ತದೆ. ಬಣ್ಣವೇ ಇಲ್ಲದ ಪಾಲಿಕಾರ್ಬನೇಟ್ ಗಾಜು ಬಹುಪಾಲು ಅತಿನೇರಳೆಯನ್ನು ತಡೆಯುತ್ತದೆ, ಜಾತ್ರೆಯ ಸಂತೆಯಲ್ಲಿ ಸಿಗುವ ಕಡುಗಪ್ಪು ಪ್ಲಾಸ್ಟಿಕ್ ತಡೆಯದೆಯೂ ಇರಬಹುದು. ತಡೆಯದಿದ್ದರೆ ಅದು ಬರಿಗಣ್ಣಿಗಿಂತ ಕೆಟ್ಟದ್ದಾಗುವ ಸಾಧ್ಯತೆಯೂ ಇದೆ: ಕತ್ತಲೆಂದು ಭ್ರಮಿಸಿ ಪಾಪೆ ಹಿಗ್ಗುತ್ತದೆ, ಕಣ್ಣು ಕಿರಿದು ಮಾಡುವ ಸಹಜ ರಕ್ಷಣೆಯೂ ತಪ್ಪುತ್ತದೆ. ನಮ್ಮ ಮೂರೂ ಊರುಗಳು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮೂರನೆಯ ವಾರದಲ್ಲಿ ಇನ್ನೊಮ್ಮೆ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಎರಡನೆಯ ಸಲ ಮಳೆಗಾಲದ ಮೋಡವಿರುತ್ತದೆ ಎಂದು ನಿಶ್ಚಿಂತರಾಗುವಂತಿಲ್ಲ, ತೆಳು ಮೋಡದ ಮೂಲಕ ಅತಿನೇರಳೆಯ ಶೇ. 80ರವರೆಗೂ ಇಳಿದು ಬರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಕಣ್ಣಿನ ಪೊರೆ ಬೇಗ ಬರುವುದಕ್ಕೂ, ಬಿಳಿಗುಡ್ಡೆಯಿಂದ ಕರಿಗುಡ್ಡೆಯ ಕಡೆಗೆ ಮಾಂಸದಂತೆ ಬೆಳೆಯುವ ಟೆರಿಜಿಯಂಗೂ ಬಿಸಿಲಿನಲ್ಲಿ ವರ್ಷಗಟ್ಟಲೆ ದುಡಿಯುವುದು ಒಂದು ಕಾರಣ.

ಹಾಗಾದರೆ ಗಾಜು ಅತಿನೇರಳೆ ತಡೆಯುತ್ತದೆಯೇ ಎಂದು ತಿಳಿಯುವುದು ಹೇಗೆ? ಯುವಿ 400 ಎಂದು ಬರೆದಿದ್ದರೆ 400 ನ್ಯಾನೊಮೀಟರ್‌ವರೆಗಿನ ಅತಿನೇರಳೆ ಪೂರ್ತಿ ತಡೆಯುತ್ತದೆ ಎಂದರ್ಥ. ಆದರೆ ಚೀಟಿ ಅಂಟಿಸಲು ಯಾರಿಗೂ ಕಷ್ಟವಿಲ್ಲ. ದೊಡ್ಡ ಆಪ್ಟಿಕಲ್ ಅಂಗಡಿಗಳಲ್ಲಿ ಇದನ್ನು ಅಳೆಯುವ ಪುಟ್ಟ ಯಂತ್ರ ಇರುತ್ತದೆ, ಕೇಳಿದರೆ ತೋರಿಸುತ್ತಾರೆ. ಇಲ್ಲದಿದ್ದರೆ ಅಡಿಕೆ ಮಂಡಿಯಲ್ಲೋ ಚಿನ್ನದ ಅಂಗಡಿಯಲ್ಲೋ ಖೋಟಾ ನೋಟು ಪತ್ತೆಗೆ ಇಟ್ಟಿರುವ ನೇರಳೆ ದೀಪ ಸಾಕು. ಆ ದೀಪದಡಿ ಅಸಲಿ ನೋಟಿನ ಸಂಖ್ಯೆಯ ಜಾಗ ಮಿನುಗುತ್ತದೆ. ದೀಪಕ್ಕೂ ನೋಟಿಗೂ ನಡುವೆ ಕನ್ನಡಕದ ಗಾಜನ್ನು ಹಿಡಿದು, ಗಾಜಿನ ಮೂಲಕವಲ್ಲದೆ ಪಕ್ಕದಿಂದ ನೋಟನ್ನು ನೋಡಬೇಕು. ಗಾಜಿನ ನೆರಳು ಬಿದ್ದಲ್ಲಿ ಮಿನುಗು ಆರಿದರೆ ಗಾಜು ತಡೆಯುತ್ತಿದೆ, ಹಾಗೇ ಉಳಿದರೆ ಅದು ಬರೀ ಬಣ್ಣದ ಪ್ಲಾಸ್ಟಿಕ್. ಪ್ರಯೋಗಾಲಯದ ನಿಖರತೆ ಇದಕ್ಕಿಲ್ಲ, ಆದರೆ ಪೂರ್ತಿ ಮೋಸದ ಮಾಲನ್ನು ಇದು ಹಿಡಿದುಕೊಡುತ್ತದೆ.

ಈಗ ಗಾಢತೆಗೆ ಬರೋಣ. ಐಎಸ್ಒ 12312-1 ಎಂಬ ಅಂತಾರಾಷ್ಟ್ರೀಯ ಮಾನಕ ತಂಪು ಕನ್ನಡಕಗಳನ್ನು 0ಯಿಂದ 4ರವರೆಗೆ ಐದು ವರ್ಗ ಮಾಡಿದೆ. 0 ವರ್ಗದ ಗಾಜು ಶೇ. 80ಕ್ಕಿಂತ ಹೆಚ್ಚು ಬೆಳಕು ಬಿಡುತ್ತದೆ, 2ನೆಯದು ಶೇ. 18ರಿಂದ 43, 3ನೆಯದು ಶೇ. 8ರಿಂದ 18, 4ನೆಯದು ಬರೀ ಶೇ. 3ರಿಂದ 8. ನಾಲ್ಕನೆಯದು ಹಿಮಪರ್ವತಕ್ಕೆ ಸರಿ, ವಾಹನ ಚಾಲನೆಗೆ ಸಲ್ಲದು ಎಂದು ಮಾನಕವೇ ಹೇಳುತ್ತದೆ. ಬ್ರ್ಯಾಂಡೆಡ್ ಕನ್ನಡಕದ ಕಡ್ಡಿಯ ಒಳಬದಿಯಲ್ಲಿ ಈ ಅಂಕಿ ಚಿಕ್ಕದಾಗಿ ಅಚ್ಚಾಗಿರುವುದುಂಟು. ನಡು ಮಧ್ಯಾಹ್ನದ ಬಯಲಿನಲ್ಲಿ ಬೆಳಕು ಸುಮಾರು 1 ಲಕ್ಷ ಲಕ್ಸ್. 3ನೆಯ ವರ್ಗದ ಶೇ. 15ರ ಗಾಜು ಹಾಕಿದರೆ ಕಣ್ಣಿಗೆ 15 ಸಾವಿರ ಲಕ್ಸ್ ತಲುಪುತ್ತದೆ, ಹಾಯಾಗಿರುತ್ತದೆ. ಅದೇ ಸವಾರ ದಟ್ಟ ಮರದ ನೆರಳಿಗೆ ನುಗ್ಗಿದಾಗ ಅಲ್ಲಿನ ಬೆಳಕು 2 ಸಾವಿರ ಲಕ್ಸ್ ಎಂದಿಟ್ಟುಕೊಂಡರೆ ಕಣ್ಣಿಗೆ ಉಳಿಯುವುದು 300. ಅಂದರೆ ಟ್ಯೂಬ್‌ಲೈಟ್ ಹಾಕಿದ ಕೋಣೆಯಷ್ಟು. ಬಯಲಿನ ಬೆಳಕಿಗೆ ಒಗ್ಗಿದ ಕಣ್ಣು ಈ ಮಬ್ಬಿಗೆ ಚೆನ್ನಾಗಿ ಹೊಂದಿಕೊಳ್ಳಲು ನಿಮಿಷಗಳೇ ಬೇಕು, ಆದರೆ ಗಂಟೆಗೆ 50 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ರಸ್ತೆ ಬದಿಯಲ್ಲಿ ನಡೆದು ಬರುವ ಶಾಲೆಮಕ್ಕಳೂ ಡಾಂಬರು ಕಿತ್ತುಹೋದ ಹೊಂಡವೂ ಸಿಗುವುದು ಇಂಥ ನೆರಳಲ್ಲೇ. ಅದೇ ಜಾಗದಲ್ಲಿ ಶೇ. 30ರ ಗಾಜಾಗಿದ್ದರೆ 600 ಲಕ್ಸ್ ಸಿಗುತ್ತಿತ್ತು, ಬಯಲಿನಲ್ಲೂ ಕಣ್ಣಿಗೆ ತೀರಾ ತೊಂದರೆಯಾಗುತ್ತಿರಲಿಲ್ಲ.

ಕಾರಿನವರಿಗೆ ಲೆಕ್ಕ ಇನ್ನೂ ಬಿಗಿ. ಕೇಂದ್ರ ಮೋಟಾರು ವಾಹನ ನಿಯಮಾವಳಿ 1989ರ 100ನೆಯ ನಿಯಮದಂತೆ ಮುಂದಿನ ಗಾಜು ಕನಿಷ್ಠ ಶೇ. 70, ಪಕ್ಕದ ಗಾಜು ಕನಿಷ್ಠ ಶೇ. 50 ಬೆಳಕು ಬಿಡಬೇಕು. ಅದರ ಮೇಲೆ ಕಪ್ಪು ಫಿಲ್ಮ್ ಅಂಟಿಸುವುದನ್ನು 2012ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು. ಶೇ. 70ರ ಗಾಜಿನ ಹಿಂದೆ ಶೇ. 15ರ ಕನ್ನಡಕ ಹಾಕಿದರೆ ಒಟ್ಟು ಶೇ. 10.5. ವಾಹನದ ಗಾಜಿಗೆ ಇಷ್ಟು ಬಿಗಿಯಾದ ಕಾನೂನು, ಚಾಲಕನ ಮೂಗಿನ ಮೇಲಿನ ಗಾಜಿಗೆ ಯಾವ ತಪಾಸಣೆಯೂ ಇಲ್ಲ ಎಂಬುದು ತಮಾಷೆಯೇ ಸರಿ. ಕಪ್ಪು ಗಾಜಿದ್ದರೆ ಸೂರ್ಯನನ್ನೂ ನೋಡಬಹುದು ಎಂದು ನಂಬುವವರಿಗೆ ಇನ್ನೊಂದು ಮಾತು. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ಮಂಗಳೂರಿನಲ್ಲೂ ಕಾಣಿಸಿತ್ತು. ಗ್ರಹಣ ನೋಡಲು ಬಳಸುವ ಕನ್ನಡಕ ಶೇ. 0.0032ಕ್ಕಿಂತ ಹೆಚ್ಚು ಬೆಳಕು ಬಿಡಕೂಡದೆಂಬುದು ಅದಕ್ಕೇ ಇರುವ ಬೇರೆ ಮಾನಕದ ನಿಯಮ. ಎಂಥ ಕಡುಗಪ್ಪು ಕೂಲಿಂಗ್ ಗ್ಲಾಸೂ ಅದಕ್ಕಿಂತ ಸಾವಿರ ಪಟ್ಟಿನ ಆಸುಪಾಸು ಹೆಚ್ಚು ಬೆಳಕು ಒಳಗೆ ಬಿಡುತ್ತದೆ.

ಗಾಢತೆ ಗೊತ್ತಾದ ಮೇಲೆ ಬಣ್ಣ. ಬೂದು ಗಾಜು ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚುಕಡಿಮೆ ಸಮವಾಗಿ ತಗ್ಗಿಸುತ್ತದೆ, ಹಾಗಾಗಿ ಲೋಕ ಇದ್ದ ಬಣ್ಣದಲ್ಲೇ ಮಂದವಾಗಿ ಕಾಣುತ್ತದೆ. ಹಸಿರು ಅದಕ್ಕೆ ಹತ್ತಿರದ ನೆಂಟ. ಅಮೆರಿಕದ ಬಾಷ್ ಆ್ಯಂಡ್ ಲಾಂಬ್ ಕಂಪನಿ 1930ರ ದಶಕದಲ್ಲಿ ವಿಮಾನ ಚಾಲಕರಿಗೆಂದು ಮಾಡಿದ ಕನ್ನಡಕ ಹಸಿರು ಗಾಜಿನದ್ದೇ. ಕಂದು ಗಾಜಿನ ಸ್ವಭಾವ ಬೇರೆ. ಅದು ನೀಲಿಯನ್ನು ಹೆಚ್ಚು ಹೀರಿ ಕೆಂಪು, ಕಿತ್ತಳೆ, ಹಳದಿಯನ್ನು ಹೆಚ್ಚು ಬಿಡುತ್ತದೆ. ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳು ನೀಲಿ ಬೆಳಕನ್ನೇ ಹೆಚ್ಚು ಚದುರಿಸುವುದರಿಂದ ದೂರದ ದೃಶ್ಯದ ಮೇಲೆ ನಸುನೀಲಿ ಪರದೆ ಬಿದ್ದಂತಿರುತ್ತದೆ. ಮಾರ್ಚ್ ಏಪ್ರಿಲಿನಲ್ಲಿ ಬೆಳ್ತಂಗಡಿಯಿಂದ ಗಡಾಯಿಕಲ್ಲನ್ನೂ ಅದರ ಹಿಂದಿನ ಕುದುರೆಮುಖ ಸಾಲನ್ನೂ ನೋಡಿದರೆ ಈ ಪರದೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಕಂದು ಗಾಜು ಹಾಕಿದರೆ ಬಂಡೆಯ ಅಂಚು ಮತ್ತೆ ಮೂಡುತ್ತದೆ. ಅದರಿಂದ ದೃಷ್ಟಿಶಕ್ತಿಯೇ ಹೆಚ್ಚುತ್ತದೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಬೆಳಕು ನೆರಳಿನ ಅಂತರ ಎದ್ದು ಕಾಣುತ್ತದೆ, ಅಷ್ಟೆ. ಆದರೆ ಇಲ್ಲಿ ಬೇಕಾದುದು ಅದೇ. ರಸ್ತೆಯ ಮೇಲೆ ಎಲೆಗಳ ಚುಕ್ಕಿ ನೆರಳು ಬಿದ್ದಿರುವಾಗ ಹೊಂಡ ಯಾವುದು, ನೆರಳು ಯಾವುದು ಎಂದು ಬೇರ್ಪಡಿಸಲು ಆ ಅಂತರವೇ ಆಧಾರ. ನಮ್ಮ ಮಣ್ಣು ಕೆಂಪು. ಕೆಂಪು ಬಿಡುವ ಗಾಜಿನಲ್ಲಿ ಕಪ್ಪು ಡಾಂಬರಿನ ಅಂಚೂ ಅದರ ಪಕ್ಕದ ಕೆಂಪು ಮಣ್ಣಿನ ದಿಣ್ಣೆಯೂ ಬೇರೆಬೇರೆಯಾಗಿ ತೋರುತ್ತವೆ. ತೋಟದಲ್ಲಿ ದೋಟಿ ಹಿಡಿದು ಅಡಿಕೆ ಗೊನೆ ಇಳಿಸುವವರ ಸ್ಥಿತಿ ನೋಡಿ: ದಿನವಿಡೀ ಕತ್ತೆತ್ತಿ ಪ್ರಖರ ಆಕಾಶದ ಹಿನ್ನೆಲೆಯಲ್ಲಿ ಹಣ್ಣಡಿಕೆ ಹುಡುಕಬೇಕು. ಕಂದು ಗಾಜು ನೀಲಿ ಆಕಾಶವನ್ನು ತಗ್ಗಿಸಿ ಕಿತ್ತಳೆ ಗೊನೆಯನ್ನು ಎತ್ತಿ ತೋರಿಸುತ್ತದೆ. ಮೇಲಿನಿಂದ ಉದುರುವ ಕಸ ಕಣ್ಣಿಗೆ ಬೀಳದಂತೆ ಗಾಜಿನ ಬದಿಗಳೂ ಮುಚ್ಚಿರಬೇಕು ಎಂಬುದು ಅವರ ಮಟ್ಟಿಗೆ ಬಣ್ಣದಷ್ಟೇ ಮುಖ್ಯ.

ಲೋಕದ ಬಣ್ಣ ಬದಲಿಸುವ ಗಾಜು ಯಾಕೆ, ಬೂದೇ ಪ್ರಾಮಾಣಿಕವಲ್ಲವೇ ಎಂದು ಕನ್ನಡಕದ ವಿಷಯ ಬಲ್ಲವರು ಆಕ್ಷೇಪಿಸಬಹುದು. ಬಣ್ಣವೇ ಬೆಲೆಯಾಗುವ ಕೆಲಸಕ್ಕೆ ಆ ಮಾತು ಒಪ್ಪತಕ್ಕದ್ದೇ. ಅಂಗಳದಲ್ಲಿ ಚಾಲಿ ಅಡಿಕೆ ಹರಡಿ ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ವಿಂಗಡಿಸುವಾಗ ಕಂದು ಗಾಜು ಹಾಕಿದರೆ ಎಲ್ಲ ಅಡಿಕೆಗೂ ಒಂದೇ ಛಾಯೆ ಬಂದು ಲೆಕ್ಕ ತಪ್ಪುತ್ತದೆ. ಆ ಕೆಲಸಕ್ಕೆ ನೆರಳಿನಲ್ಲಿ ಬರಿಗಣ್ಣೇ ಒಳ್ಳೆಯದು, ಬಿಸಿಲಿನಲ್ಲೇ ಆಗಬೇಕಿದ್ದರೆ ತಿಳಿ ಬೂದು. ಕೆಂಪು ಹಸಿರು ಬೇರ್ಪಡಿಸಲು ಹುಟ್ಟಿನಿಂದಲೇ ತೊಡಕಿರುವವರಿಗೂ ಬೂದೇ ಸುರಕ್ಷಿತ, ಬಣ್ಣದ ಗಾಜು ಅವರ ತೊಡಕನ್ನು ಹೆಚ್ಚಿಸಬಲ್ಲದು. ಉಳಿದವರಿಗೆ ಮಧ್ಯಮ ಕಂದಿನಲ್ಲಿ ಬ್ರೇಕ್ ಲೈಟು, ಇಂಡಿಕೇಟರು, ಮಂಗಳೂರಿನ ಸಿಗ್ನಲು ಎಲ್ಲವೂ ತಿಳಿಯುತ್ತವೆ. ಕಡುಕೆಂಪು, ಗುಲಾಬಿ, ನೀಲಿ ಗಾಜುಗಳು ಫೋಟೊಕ್ಕೆ ಚೆಂದ ಎಂದಷ್ಟೇ ಹೇಳಿ ಮುಂದೆ ಹೋಗಬಹುದು.

ಯಾವ ಬಣ್ಣವೂ ನೆರವಿಗೆ ಬಾರದ ಒಂದು ಸಂದರ್ಭವಿದೆ, ಅದು ಕೆಳಗಿಳಿದ ಸೂರ್ಯನನ್ನು ನೇರ ಎದುರಿಸುವುದು. ಮಂಗಳೂರಿನಿಂದ ಬಂಟ್ವಾಳ ಪೂರ್ವಕ್ಕಿದೆ, ಬೆಳ್ತಂಗಡಿ ಇನ್ನೂ ಪೂರ್ವಕ್ಕೆ. ಹೀಗಾಗಿ ಬೆಳಗ್ಗೆ ಬೆಳ್ತಂಗಡಿಯಿಂದ ಮಂಗಳೂರಿಗೆ ಹೋಗಿ ಸಂಜೆ ಮರಳುವವರಿಗೆ ಎರಡು ಹೊತ್ತೂ ಸೂರ್ಯ ಬೆನ್ನ ಹಿಂದೆ. ಮಂಗಳೂರಿನಲ್ಲಿ ಮನೆ ಮಾಡಿ ಬಂಟ್ವಾಳದ ಕಚೇರಿಗೋ ಬೆಳ್ತಂಗಡಿಯ ಶಾಲೆಗೋ ಬಂದು ಹೋಗುವವರಿಗೆ ಎರಡು ಹೊತ್ತೂ ಮುಖದ ಮೇಲೆ. ಇವರು ಎಂಥ ಕಪ್ಪು ಗಾಜು ಹಾಕಿದರೂ ಸೂರ್ಯಬಿಂಬ ಕುಕ್ಕುವುದು ನಿಲ್ಲುವುದಿಲ್ಲ, ರಸ್ತೆ ಮಾತ್ರ ಕಪ್ಪಾಗುತ್ತದೆ. ಅಲ್ಲಿ ಬೇಕಾದುದು ಕಾರಿನ ವೈಸರ್, ಹೆಲ್ಮೆಟ್ಟಿನ ಅಂಚು, ಗೀರಿಲ್ಲದ ಶುಭ್ರ ಗಾಜು. ಸಿದ್ದಕಟ್ಟೆ ಮೂಲಕ ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ರಸ್ತೆ ಉತ್ತರ ದಕ್ಷಿಣಕ್ಕಿರುವುದರಿಂದ ಅಲ್ಲಿ ಬೆಳಗ್ಗೆ ಸಂಜೆ ಬೆಳಕು ಪಕ್ಕದಿಂದ ನುಗ್ಗುತ್ತದೆ. ಆ ದಾರಿಯವರು ಬಣ್ಣಕ್ಕಿಂತ ಕೆನ್ನೆಯತ್ತ ಬಾಗಿ ಬದಿ ಮುಚ್ಚುವ ಫ್ರೇಮಿನ ಕಡೆ ಗಮನ ಕೊಡುವುದು ಲೇಸು.

ಪೋಲರೈಸ್ಡ್ ಗಾಜಿನ ಗುಣಗಾನ ಈಗ ಎಲ್ಲೆಡೆ ಕೇಳುತ್ತದೆ. ಅಮೆರಿಕದ ಎಡ್ವಿನ್ ಲ್ಯಾಂಡ್ 1929ರ ಹೊತ್ತಿಗೆ ಕಂಡುಹಿಡಿದ ಈ ಹಾಳೆ, ನೀರು, ಡಾಂಬರಿನಂಥ ಸಮತಲದಿಂದ ಚಿಮ್ಮುವ ಹೊಳಪನ್ನು ಆಯ್ದು ತಡೆಯುತ್ತದೆ. ನೇತ್ರಾವತಿಯ ದಡದಲ್ಲಿ ಗಾಳ ಹಾಕಿ ಕೂತವರಿಗೆ ಇದರಿಂದ ನೀರಿನೊಳಗಿನ ಮೀನು ಕಾಣುತ್ತದೆ, ಮೂಡುಬಿದಿರೆಯ ಒಂಟಿಕಟ್ಟೆ ಕಡಲಕೆರೆಯ ಕಂಬಳದಲ್ಲಿ ಬಿಸಿಲೇರಿದ ಮೇಲೆ ಕರೆಯ ನೀರು ಕುಕ್ಕುವುದು ತಗ್ಗುತ್ತದೆ. ಆದರೆ ಸವಾರನಿಗೆ ಜಾಹೀರಾತು ಹೇಳುವಷ್ಟು ಲಾಭವಿಲ್ಲ. ನೀರಿನ ಹೊಳಪು ಪೂರ್ತಿ ಪೋಲರೈಸ್ ಆಗುವುದು ಲಂಬಕ್ಕೆ ಸುಮಾರು 53 ಡಿಗ್ರಿ ಓರೆಯಲ್ಲಿ. ನೆಲದಿಂದ ಒಂದೂವರೆ ಮೀಟರ್ ಎತ್ತರದ ಕಣ್ಣಿಗೆ ಅದು ಎರಡು ಮೀಟರ್ ಮುಂದಿನ ನೀರು. ಬೈಕು ಓಡಿಸುವವರು ನೋಡುವುದು 20, 30 ಮೀಟರ್ ಆಚೆ. ಅಷ್ಟು ತಗ್ಗು ಓರೆಯಲ್ಲಿ ಈ ಗಾಜಿನ ಕೈಚಳಕ ಬಹಳ ಕುಗ್ಗುತ್ತದೆ. ಮೇಲಾಗಿ ಮಳೆ ನಿಂತ ರಸ್ತೆಯಲ್ಲಿ ಆ ಹೊಳಪು ಒಂದು ಸೂಚನೆಯೂ ಹೌದು. ಕೆಂಪು ನೀರು ತುಂಬಿದ ಹೊಂಡದ ತಳ ಯಾವ ಗಾಜಿಗೂ ಕಾಣುವುದಿಲ್ಲ. ಅಲ್ಲಿ ಹೊಂಡವಿದೆ ಎಂದು ಹೇಳುವುದೇ ಅದರ ಹೊಳಪು. ಹ್ಯಾಂಡಲಿಗೆ ಸಿಕ್ಕಿಸಿದ ಮೊಬೈಲಿನ ಮ್ಯಾಪು ಕೆಲವು ಕೋನಗಳಲ್ಲಿ ಕಪ್ಪಾಗುವ ಕಿರಿಕಿರಿ ಬೇರೆ. ನದಿ, ಕಡಲು, ಕೆರೆಯ ಕೆಲಸದವರು ಇದಕ್ಕೆ ಹೆಚ್ಚು ಹಣ ಕೊಡಲಿ, ಉಳಿದವರಿಗೆ ಇದು ಇದ್ದರೂ ಸೈ, ಇಲ್ಲದಿದ್ದರೂ ಸೈ.

ಹಳದಿ ಗಾಜಿನ ವಿಷಯದಲ್ಲಿ ಇಷ್ಟು ಔದಾರ್ಯ ಬೇಡ. ಮಂಜಿನಲ್ಲಿ ದಾರಿ ಕಾಣಿಸುತ್ತದೆ, ರಾತ್ರಿ ಎದುರಿನ ಹೆಡ್‌ಲೈಟ್ ಕುಕ್ಕುವುದಿಲ್ಲ ಎಂದು ಹೇಳಿ ಇದನ್ನು ಮಾರುತ್ತಾರೆ. ನೀಲಿ ಪರದೆಯನ್ನು ಕಂದು ಗಾಜು ಸರಿಸುತ್ತದೆ ಎಂದ ಮೇಲೆ ಚಾರ್ಮಾಡಿಯ ಮಂಜನ್ನು ಹಳದಿ ಏಕೆ ಸರಿಸಬಾರದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹನಿಯ ಗಾತ್ರದಲ್ಲಿದೆ. ಬೇಸಿಗೆಯ ಮಬ್ಬಿನ ಕಣಗಳು ಬೆಳಕಿನ ಅಲೆಯುದ್ದಕ್ಕಿಂತ ಸಣ್ಣವು ಅಥವಾ ಅದರ ಆಸುಪಾಸಿನವು, ಅವು ನೀಲಿಯನ್ನು ಹೆಚ್ಚು ಚದುರಿಸುತ್ತವೆ. ಮಂಜಿನ ಹನಿ ಅಲೆಯುದ್ದದ ಹತ್ತಾರು ಪಟ್ಟು ದೊಡ್ಡದು. ಅದಕ್ಕೆ ನೀಲಿಯೂ ಒಂದೇ, ಕೆಂಪೂ ಒಂದೇ, ಎಲ್ಲವನ್ನೂ ಸಮನಾಗಿ ಚದುರಿಸುತ್ತದೆ. ಅದಕ್ಕೇ ಮಂಜು ಬೆಳ್ಳಗಿರುವುದು. ಅಲ್ಲಿ ಬಣ್ಣದ ಗಾಜು ಇರುವ ಅಲ್ಪ ಬೆಳಕಿನಲ್ಲೇ ಪಾಲು ಕೇಳುತ್ತದೆ. ರಾತ್ರಿಯ ಮಾತಿಗೂ ಸಾಕ್ಷ್ಯವಿದೆ. ಹಾರ್ವರ್ಡ್‌ಗೆ ಸೇರಿದ ಶೆಪೆನ್ಸ್ ಕಣ್ಣಿನ ಸಂಶೋಧನಾ ಸಂಸ್ಥೆಯವರು ಚಾಲನಾ ಸಿಮ್ಯುಲೇಟರಿನಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳದಿ ಕನ್ನಡಕ ಹಾಕಿದವರು ರಸ್ತೆಯ ಪಾದಚಾರಿಯನ್ನು ಗುರುತಿಸುವುದರಲ್ಲಿ ಬಣ್ಣವಿಲ್ಲದ ಗಾಜಿನವರನ್ನು ಮೀರಿಸಲಿಲ್ಲ; ಹೆಡ್‌ಲೈಟಿನ ಕುಕ್ಕು ಇದ್ದಾಗಲೂ ಪ್ರಯೋಜನ ಕಾಣಲಿಲ್ಲ. ಹಾಕಿದವರಿಗೆ ಚೆನ್ನಾಗಿ ಕಾಣುತ್ತದೆ ಅನಿಸುವುದು ನಿಜ. ಹಳದಿ ಬಣ್ಣಕ್ಕೆ ಲೋಕವನ್ನು ಬೆಳಗಿದಂತೆ ತೋರಿಸುವ ಗುಣವಿದೆ, ಅಪಾಯ ಇರುವುದೂ ಆ ಧೈರ್ಯದಲ್ಲೇ. ಶೇ. 75ಕ್ಕಿಂತ ಕಡಿಮೆ ಬೆಳಕು ಬಿಡುವ ಗಾಜು ಮುಸ್ಸಂಜೆ ಮತ್ತು ರಾತ್ರಿಯ ಚಾಲನೆಗೆ ತಕ್ಕದ್ದಲ್ಲ ಎಂದು ಮಾನಕವೂ ಹೇಳುತ್ತದೆ. ರಾತ್ರಿ ಬೆಳಕು ಚಿಲ್ಲಾಪಿಲ್ಲಿಯಾಗಿ ಕಂಡರೆ ಪವರ್ ಬದಲಾಗಿರಬಹುದು, ಪೊರೆ ಶುರುವಾಗಿರಬಹುದು. ಅದಕ್ಕೆ ಕಣ್ಣಿನ ಡಾಕ್ಟರರ ಹತ್ತಿರ ಹೋಗಬೇಕು.

ಬಿಸಿಲಿಗೆ ತಾನಾಗಿ ಕಪ್ಪಾಗುವ ಫೋಟೊಕ್ರೋಮಿಕ್ ಗಾಜು ತೆಗೆದುಕೊಂಡರೆ ಈ ತಲೆನೋವೇ ಇಲ್ಲವಲ್ಲ ಎನ್ನುವವರಿದ್ದಾರೆ. ನಡೆದಾಡುವವರಿಗೆ, ತೋಟ ಸುತ್ತುವವರಿಗೆ, ಪವರ್ ಕನ್ನಡಕದವರಿಗೆ ಅದು ನಿಜಕ್ಕೂ ಅನುಕೂಲ. ವಾಹನದಲ್ಲಿ ಅದು ಕೈಕೊಡುತ್ತದೆ. ಅದನ್ನು ಕಪ್ಪಾಗಿಸುವುದು ಮುಖ್ಯವಾಗಿ ಅತಿನೇರಳೆ. ಕಾರಿನ ಮುಂದಿನ ಗಾಜೂ ಹೆಲ್ಮೆಟ್ಟಿನ ಪಾಲಿಕಾರ್ಬನೇಟ್ ವೈಸರೂ ಅದನ್ನು ಮೊದಲೇ ತಡೆದುಬಿಡುತ್ತವೆ. ಸೆಖೆ ಹೆಚ್ಚಿದಷ್ಟೂ ಅದು ಕಪ್ಪಾಗುವುದು ಕಡಿಮೆ, ಮತ್ತೆ ತಿಳಿಯಾಗಲು ಕೆಲವು ನಿಮಿಷ ಬೇಕು. ನೆರಳಿಗೆ ನುಗ್ಗುವ ಬೈಕಿಗೆ ಆ ನಿಮಿಷಗಳಿಲ್ಲ ಎಂಬುದನ್ನು ಆಗಲೇ ಲೆಕ್ಕ ಹಾಕಿದ್ದೇವೆ.

ನಮ್ಮ ಹಿರಿಯರು ಇದೇನೂ ಇಲ್ಲದೆ ಬದುಕಲಿಲ್ಲವೇ ಎಂಬ ಮಾತು ಉಳಿಯಿತು. ತಲೆಗೆ ಮುಟ್ಟಾಳೆ ಇಟ್ಟು ಅಥವಾ ಬೈರಾಸು ಸುತ್ತಿ ಅವರು ಗದ್ದೆಗಿಳಿಯುತ್ತಿದ್ದರು ನಿಜ. ಆದರೆ ಮುಟ್ಟಾಳೆಗೆ ಕಣ್ಣಿಗೆ ನೆರಳು ಕೊಡುವ ಅಂಚಿಲ್ಲ. ಪೊರೆ ಬಂದು ಜಗಲಿಯ ಮೂಲೆ ಸೇರಿದ ಹಿರಿಯರು ಯಾವ ಮನೆಯಲ್ಲಿ ಇರಲಿಲ್ಲ? ಬಿಸಿಲೊಂದೇ ಅದಕ್ಕೆ ಕಾರಣವಲ್ಲ, ವಯಸ್ಸೂ ಇದೆ, ಬೇರೆ ಕಾಯಿಲೆಗಳೂ ಇವೆ. ಆದರೆ ತಡೆಯಬಹುದಾದ ಕಾರಣವನ್ನು ಬಿಡುವುದೇಕೆ? ದೊಡ್ಡ ಅಂಚಿನ ಹ್ಯಾಟು ಇಲ್ಲಿ ಅರ್ಧ ಕೆಲಸ ಮಾಡುತ್ತದೆ, ಕನ್ನಡಕ ಉಳಿದರ್ಧ. ಕಣ್ಣಿನ ಶಿಬಿರದಲ್ಲಿ ಆಪರೇಷನ್ ಆದಾಗ ಕೊಟ್ಟ ಕಡುಗಪ್ಪು ಕನ್ನಡಕವನ್ನು ವರ್ಷಗಟ್ಟಲೆ ಹಾಕಿಕೊಂಡು ಮುಸ್ಸಂಜೆಯಲ್ಲೂ ರಸ್ತೆ ದಾಟುವ ಅಜ್ಜ ಅಜ್ಜಿಯರು ಇದ್ದಾರೆ. ಅದು ಕೆಲವು ದಿನಗಳ ಆರೈಕೆಗೆಂದು ಕೊಟ್ಟದ್ದು, ಮನೆಯವರು ಅದನ್ನು ತೆಗೆಸಿ ತಿಳಿ ಬಣ್ಣದ್ದೊಂದನ್ನು ಕೊಡಿಸಬೇಕು.

ದುಡ್ಡಿನ ಪ್ರಶ್ನೆಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ, ದುಬಾರಿ ಕನ್ನಡಕದಲ್ಲಿ ಬೆಲೆಯ ದೊಡ್ಡ ಪಾಲು ಫ್ರೇಮಿನದು ಮತ್ತು ಹೆಸರಿನದು. ಕೊಳ್ಳುವ ಮುಂಚೆ ಕನ್ನಡಕವನ್ನು ಕೈಚಾಚಿ ಹಿಡಿದು, ಗಾಜಿನ ಮೂಲಕ ನೆಲದ ಟೈಲ್ಸಿನ ಗೆರೆ ನೋಡುತ್ತ ಮೆಲ್ಲಗೆ ಆಡಿಸಿ. ಗೆರೆ ಹಾವಿನಂತೆ ನುಲಿದರೆ ಬೆಲೆ ಎಷ್ಟೇ ಇರಲಿ, ಬೇಡ. ಹಾಕಿಕೊಂಡು ಕನ್ನಡಿ ನೋಡಿದರೆ ಕಣ್ಣು ಮಸುಕಾಗಿಯಾದರೂ ಕಾಣಬೇಕು, ಒಂದಿಷ್ಟೂ ಕಾಣದಿದ್ದರೆ ಅದು ನಮ್ಮ ನೆರಳಿನ ರಸ್ತೆಗೆ ಅತಿಯಾಯಿತು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಯಾವ ಗಾಜಿನ ಗುಣವೂ ಗೊತ್ತಾಗುವುದಿಲ್ಲವಾದ್ದರಿಂದ ಹನ್ನೆರಡು ಗಂಟೆಯ ಹೊತ್ತಿಗೆ ಹೋಗಿ, ಅಂಗಡಿಯವರನ್ನು ಕೇಳಿ ಹೊರಗೆ ಬಂದು ಎರಡು ನಿಮಿಷ ಬಿಸಿಲಲ್ಲಿ ನಿಲ್ಲಿ. ಆಮೇಲೆ ಎದುರಿಗೆ ನಿಲ್ಲಿಸಿದ ಬಸ್ಸಿನ ಅಡಿಯ ನೆರಳನ್ನು ನೋಡಿ: ಅಲ್ಲಿ ಮಲಗಿದ ನಾಯಿಯೋ ಬಿದ್ದ ಕಲ್ಲೋ ತಕ್ಷಣ ತಿಳಿದರೆ ಆ ಕನ್ನಡಕ ತೆಗೆದುಕೊಳ್ಳಬಹುದು.